ಮುರಗೋಡ ಸಂಗಪ್ಪ ಮಾಡ್ಯಾನ ಕವಿ

ಬಾಯವ್ವನಿಗೆ ಓದಲು ಬರೆಯಲು ಬರುವುದಿಲ್ಲ. ಆದರೂ ಆಕೆ ಅರವತ್ತಕ್ಕೂ ಹೆಚ್ಚು ಗೀಗೀ ಪದ ಕಟ್ಟಿದ್ದಾಳೆ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದರೆ ನಮ್ಮ ಕಡೆಯ ಓದಿದವರು ಹುಬ್ಬೇರಿಸುತ್ತಾರೆ. ಅಕ್ಷರ ಬಾರದವಳು ಪದ ಕಟ್ಟುವುದು ಹೇಗೆ ಎಂದು ಕೇಳುತ್ತಾರೆ. ಅಕ್ಷರ ಬಂದ ನೀವು ಏನು ಕಟ್ಟಿದ್ದೀರಿ ಎಂದು ನಾನು ತಿರುಗಿ ಕೇಳುವುದಿಲ್ಲ. ಅವರ ಪುಸ್ತಕ ಅಚ್ಚು ಹಾಕಿಯೇ ನನ್ನ ಹೊಟ್ಟೆ ತುಂಬುತ್ತದೆ.

ಬೈಲಹೊಂಗಲದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಪ್ರೆಸ್ಸಿದೆ. ಲಗ್ನಪತ್ರಿಕೆ, ಸತ್ತವರ ಫೋಟೋ ಹಾಕಿದ ಶ್ರದ್ಧಾಂಜಲಿ, ಚುನಾವಣೆ ಬಂದರೆ ಹ್ಯಾಂಡ್‌ಬಿಲ್ಲು, ಇವು ನನ್ನ ಸಾಹಿತ್ಯ ಸೇವೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಾಡಿನ ಮೇಳಗಳ ಪೋಸ್ಟರುಗಳೂ ಇಪ್ಪತ್ತೆಂಟು ವರ್ಷಗಳಿಂದ ನನ್ನಲ್ಲಿಯೇ ಆಗುತ್ತವೆ. ಬಾಯವ್ವ ನನಗೆ ಪರಿಚಯವಾದದ್ದು ಹಾಗೆ. ಪೋಸ್ಟರಿನ ತಲೆಯ ಮೇಲೆ ‘ಮುರಗೋಡ ಸಂಗಪ್ಪನವರ ಗೀಗೀ ಮೇಳ’ ಎಂದು ಗೇಣುದ್ದದ ಅಕ್ಷರ. ಕೆಳಗೆ, ಅಂಟು ಹಚ್ಚುವಾಗ ಹರಿದರೂ ಯಾರಿಗೂ ನಷ್ಟವಿಲ್ಲದ ಜಾಗದಲ್ಲಿ, ‘ಹಾಡುವವರು: ಮನೋಳಿ ಬಾಯವ್ವ’.

ಗೀಗೀ ಕೇಳದವರಿಗೆ ಎರಡು ಮಾತು ಹೇಳಬೇಕು. ಚರ್ಮ ಬಿಗಿದ ಒಂದು ದಪ್ಪು, ಒಂದೇ ತಂತಿಯ ತುಂತುಣಿ, ಒಂದು ಜೋಡಿ ತಾಳ, ಹಿಂದಿನಿಂದ ‘ಗೀಯ ಗಾ’ ಎಂದು ದನಿಗೂಡಿಸುವ ಇಬ್ಬರು, ಇಷ್ಟಾದರೆ ಮೇಳ. ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಹರದೇಶಿ, ಗಂಡು ಹೆಚ್ಚೆಂದು ವಾದಿಸುವುದು. ಇನ್ನೊಂದು ನಾಗೇಶಿ, ಹೆಣ್ಣು ಹೆಚ್ಚೆಂದು ವಾದಿಸುವುದು. ಒಬ್ಬರು ಪದದಲ್ಲಿ ಸವಾಲು ಎಸೆದರೆ ಇನ್ನೊಬ್ಬರು ಪದದಲ್ಲಿಯೇ ಜವಾಬು ಕೊಡಬೇಕು. ತಡವರಿಸಿದರೆ ಸೋತಂತೆ. ಸೋತ ಮೇಳವನ್ನು ಮರುವರ್ಷ ಆ ಊರು ಕರೆಯುವುದಿಲ್ಲ.

ಇನ್ನೊಂದು ರೂಢಿಯಿದೆ. ಎಲ್ಲ ಕೆಟ್ಟದ್ದು ಅಲ್ಲಿಂದಲೇ ಶುರು. ಪದದ ಕೊನೆಯ ನುಡಿಯಲ್ಲಿ, ಅಂದರೆ ಚರಣದಲ್ಲಿ, ಕಟ್ಟಿದವರ ಊರು, ಹೆಸರು ಬರಬೇಕು. ಅದಕ್ಕೆ ಅಂಕಿತ ಎನ್ನುತ್ತಾರೆ. ಅದರಲ್ಲಿ ‘ಕವಿ’ ಎಂದರೆ ಕವಿತೆ. ಆದರೆ ಶಿಷ್ಯರಾದವರು ತಾವೇ ಪದ ಕಟ್ಟಿದರೂ ತಮ್ಮ ಹೆಸರು ಹಾಕುವಂತಿಲ್ಲ, ಗುರುವಿನ ಹೆಸರು ಹಾಕಬೇಕು. ಗುರು ಒಂದು ದಿನ ಕಾಯಿ ಒಡೆದು, ದಪ್ಪನ್ನು ಶಿಷ್ಯನ ಕೈಗಿಟ್ಟು, “ಇನ್ನ ನಿನ್ನ ಹೆಸರಲೆ ಹಾಡು” ಎಂದು ನಾಲ್ಕು ಜನರೆದುರು ಹೇಳಬೇಕು. ಹೇಳುವ ತನಕ ಶಿಷ್ಯನ ಪದವೆಲ್ಲ ಗುರುವಿನದು.

ಬಾಯವ್ವನ ಗಂಡ ಶಟ್ಟೆಪ್ಪ ಸಂಗಪ್ಪನ ನಾಗೇಶಿ ಮೇಳದಲ್ಲಿ ತುಂತುಣಿ ಬಾರಿಸುತ್ತಿದ್ದ. ಸಂಗಪ್ಪ ಮುರಗೋಡದ ದೊಡ್ಡ ಹಿಡುವಳಿದಾರ. ದನಿ ಕಂಚಿನಂಥದು, ಮೀಸೆಯೂ ಹಾಗೆಯೇ. ಹರೆಯದಲ್ಲಿ ನಲವತ್ತು ಒಳ್ಳೆಯ ಪದ ಕಟ್ಟಿದ್ದ. ಅವು ನಿಜಕ್ಕೂ ಒಳ್ಳೆಯವು, ಸುಳ್ಳು ಹೇಳಬಾರದು. ಒಂದು ವರ್ಷ ರಾಮದುರ್ಗದ ಕಾರ್ಯಕ್ರಮ ನಾಲ್ಕು ದಿನ ಇದೆ ಎನ್ನುವಾಗ ಅವನ ಮೇಳದ ಹಾಡುಗಾರ್ತಿಯ ಗಂಟಲು ಕಟ್ಟಿತು. ನನ್ನ ಹೆಂಡತಿ ಕಳೆ ತೆಗೆಯುವಾಗ ನಿಮ್ಮ ಪದಗಳನ್ನೆಲ್ಲ ಹಾಡುತ್ತಾಳೆ ಎಂದು ಶಟ್ಟೆಪ್ಪ ಬಾಯಿಬಿಟ್ಟ. ಹೀಗೆ ಬಾಯವ್ವ ಇಪ್ಪತ್ತೆರಡನೆಯ ವಯಸ್ಸಿನಲ್ಲಿ ದಪ್ಪು ಹಿಡಿದಳು. ಹೆಂಗಸು ನಾಲ್ಕು ಗಂಡಸರ ನಡುವೆ ನಿಂತು ಕೈ ಬೀಸಿ ಹಾಡುವುದೇ ಎಂದು ಮನೋಳಿಯಲ್ಲಿ ಬಂಧುಬಳಗ ಮಾತು ಬಿಟ್ಟಿತು. ಅತ್ತೆ ಒಂದು ವರ್ಷ ಆಕೆಯ ಕೈಯ ನೀರು ಮುಟ್ಟಲಿಲ್ಲ.

ರಾಮದುರ್ಗದಲ್ಲಿ ಎದುರು ನಿಂತವನು ಹಣಮಂತಪ್ಪ. ಆ ಊರಿನವನೇ, ಹರದೇಶಿಯಲ್ಲಿ ಹುಲಿ. ಹೊಸ ಹುಡುಗಿಯನ್ನು ಕಂಡು ಅವನಿಗೆ ಚೇಷ್ಟೆ ಹೆಚ್ಚಾಯಿತು. ಸಂಗಪ್ಪ ಕಲಿಸಿಕೊಟ್ಟ ಜವಾಬುಗಳೆಲ್ಲ ಮುಗಿಯುವವರೆಗೆ ಕಾದು, ಕಲಿಸದೇ ಇದ್ದ ಒಂದು ಸವಾಲು ಎಸೆದ:

“ಬೀಜಾನೂ ನಂದ, ಬೆಳಿನೂ ನಂದ, ಸುಮ್ಮ ಬಿದ್ದ ನೆಲ ನೀನ.”

ಜನ ಶಿಳ್ಳೆ ಹೊಡೆದರು. ಸಂಗಪ್ಪ ಮೇಳದ ಹಿಂದೆ ಕೂತು ಬೆವರು ಒರೆಸಿಕೊಂಡನಂತೆ. ಬಾಯವ್ವ ದಪ್ಪನ್ನು ಎರಡು ಸುತ್ತು ಬರಿದೇ ಬಾರಿಸಿ ಎತ್ತಿಕೊಂಡಳು:

“ಬಿತ್ತಿ ನೀ ಮನಿಗ್ಹೋಗಿ ಮಲಗಿದಿ ತಮ್ಮಾ, ಬ್ಯಾನಿ ತಿಂದ ನೆಲ ನಾನ.”

ಅಲ್ಲಿಂದ ಆರು ನುಡಿ, ನಿಂತ ಕಾಲಲ್ಲಿ. ಉಳುವಾಗಿನ ನೋವು, ಬಿರುಕು ಬಿಟ್ಟ ಬೇಸಿಗೆ, ಹಡೆದ ಮೇಲೆ ಕೂಳೆಯೊಂದಿಗೆ ಉಳಿಯುವ ನೆಲ. ಹಣಮಂತಪ್ಪನೇ ಕೈ ಎತ್ತಿ ಭೇಷ್ ಎಂದ. ಕೊನೆಗೆ ಅಂಕಿತ ಬರಬೇಕಲ್ಲ, ಬಾಯವ್ವ ಒಂದು ಕ್ಷಣವೂ ಯೋಚಿಸದೆ ಹಾಡಿ ಮುಗಿಸಿದಳು: “ಮುರಗೋಡ ಸಂಗಪ್ಪ ಮಾಡ್ಯಾನ ಕವಿ, ತಿಳದವರ ತಿಳಕೊಳ್ಳರಿ.” ತಾನು ಕಟ್ಟಿದ ಆ ಪದವನ್ನು ಸಂಗಪ್ಪ ಅವತ್ತೇ ಮೊದಲ ಸಲ ಕೇಳಿದ.

ಆಮೇಲೆ ಅದೇ ನಡೆಯಿತು. ಸಂಗಪ್ಪನ ಬತ್ತಳಿಕೆ ಯಾವಾಗಲೋ ಬರಿದಾಗಿತ್ತು. ಮೇಳ ನಡೆದದ್ದು ಬಾಯವ್ವನ ಪದಗಳ ಮೇಲೆ. ರೊಟ್ಟಿ ಬಡಿಯುತ್ತ, ಬಸ್ಸಿನ ಕಿಟಕಿಗೆ ತಲೆಯಿಟ್ಟು, ಕಬ್ಬಿನ ಗದ್ದೆಯಲ್ಲಿ ಒಣಗಿದ ರವದಿ ಎಲೆ ಕೀಳುತ್ತ ಕಟ್ಟಿದಳು. ಕಟ್ಟಿದ್ದನ್ನು ಶಟ್ಟೆಪ್ಪನಿಗೆ ಹಾಡಿ ತೋರಿಸುತ್ತಿದ್ದಳು. ಅವನು ತಂತಿ ಮೀಟುತ್ತ ತಾಳ ಸರಿಯಿದೆಯೋ ಇಲ್ಲವೋ ಅಷ್ಟು ಹೇಳುತ್ತಿದ್ದ. ಅವನಿಗೂ ಓದು ಬರುತ್ತಿರಲಿಲ್ಲ. ಪದಗಳು ಇದ್ದದ್ದು ಆಕೆಯ ತಲೆಯಲ್ಲಿ ಮಾತ್ರ.

ಈ ಅವಧಿಯಲ್ಲಿ ಸಂಗಪ್ಪ ಇಬ್ಬರು ಗಂಡು ಶಿಷ್ಯರಿಗೆ ಅಂಕಿತ ಕೊಟ್ಟ. ಒಬ್ಬ ನಾಲ್ಕು ಪದ ಕಟ್ಟಿದ್ದ, ಇನ್ನೊಬ್ಬ ಒಂದೂವರೆ. ಬಾಯವ್ವ ಕೇಳಿದಾಗ, ಹೆಂಗಸಿನ ಹೆಸರು ಪದದಲ್ಲಿ ಬಂದರೆ ಕಂಡಕಂಡವರ ಬಾಯಲ್ಲಿ ಊರೂರು ತಿರುಗುತ್ತದೆ, ಅದು ಮರ್ಯಾದೆಯಲ್ಲ ಎಂದ. ಹೆಣ್ಣೇ ಹೆಚ್ಚೆಂದು ಊರೂರು ಹಾಡಿಸಿ ಶಾಲು ಹೊದಿಸಿಕೊಂಡ ಗಂಡಸಿನ ಮಾತು ಇದು. ಎರಡನೆಯ ಸಲ ಕೇಳಿದಾಗ ಬರುವ ಶ್ರಾವಣಕ್ಕೆ ನೋಡೋಣ ಎಂದ. ಅಂಥ ಇಪ್ಪತ್ತು ಶ್ರಾವಣ ಬಂದು ಹೋದವು. ನಡುವೆ ಶಟ್ಟೆಪ್ಪ ತೀರಿಕೊಂಡ. ಎರಡು ಸಾವಿರದ ಹದಿನಾಲ್ಕರಲ್ಲಿ ಸಂಗಪ್ಪನೂ ಹೋದ. ಕೊನೆಗಾಲದಲ್ಲಿ ನೋಡಲು ಹೋದಾಗ ಅವನಿಗೆ ಮಾತು ನಿಂತಿತ್ತು, ಆಕೆಯ ಕೈ ಹಿಡಿದುಕೊಂಡನಂತೆ. ಬಾಯಿ ಬಂದಿದ್ದರೆ ಅಜ್ಜ ಅವತ್ತು ಅಂಕಿತ ಕೊಡುತ್ತಿದ್ದ ಎಂದು ಬಾಯವ್ವ ಈಗಲೂ ನಂಬುತ್ತಾಳೆ. ಬಾಯಿ ಇದ್ದ ಕಾಲದಲ್ಲಿ ಅವನು ಏನು ಮಾಡಿದ ಎಂದು ಕೇಳಬೇಕೆನಿಸಿತ್ತು. 

ಗುರು ಸತ್ತ ಮೇಲೂ ಆಕೆ ಹೊಸ ಪದಗಳಿಗೆ ಅವನ ಹೆಸರನ್ನೇ ಹಾಕುತ್ತಿದ್ದಳು. ಇನ್ನೇಕೆ, ನಿನ್ನ ಹೆಸರು ಹಾಕು, ಕೇಳುವವರು ಯಾರು ಎಂದು ಒಮ್ಮೆ ಪ್ರೆಸ್ಸಿನಲ್ಲಿ ರೇಗಿದೆ.

“ಕೊಡದ ತಗೊಂಡ್ರ ಅದು ಕಳವು ಆಗತೈತ್ರಿ ಸುಭಾಸಣ್ಣ” ಎಂದಳು. 

ಎರಡು ಸಾವಿರದ ಹತ್ತೊಂಬತ್ತರಲ್ಲಿ ಮಲಪ್ರಭೆ ಉಕ್ಕಿ ಮನೋಳಿಯ ತಗ್ಗಿನ ಓಣಿಗಳಿಗೆಲ್ಲ ನುಗ್ಗಿತು. ಬಾಯವ್ವನ ಮನೆಯ ಹಿಂದಿನ ಗೋಡೆ ಕುಸಿಯಿತು. ಶಾಲೆಯ ಕೋಣೆಯಲ್ಲಿ ಎಂಟು ದಿನ ಇದ್ದು ಬಂದವಳು ಒಂದು ಪದ ಕಟ್ಟಿದ್ದಳು. ಪೋಸ್ಟರು ಒಯ್ಯಲು ಬಂದಾಗ ನನ್ನ ಪ್ರೆಸ್ಸಿನ ಬಾಗಿಲಲ್ಲಿ ಕೂತು, ಸ್ಟೂಲಿನ ಮೇಲೆ ಬೆರಳಿಂದ ತಾಳ ಹಾಕುತ್ತ ಹಾಡಿದಳು:

“ಎರಡಸಾವಿರದ ಹತ್ತೊಂಬತ್ತ ಇಸವಿ, ಶ್ರಾವಣ ಮಾಸದ ಮೊದಲ ವಾರ,
ಮಲಪ್ರಭಾ ತಾಯಿ ಮನಿಯೊಳಗ ಬಂದ್ಳ, ಹೊರಗ ನಿಂತೇವ ಮನಿಯವರ.”

ನಾನು ಮಶೀನು ಬಂದ್ ಮಾಡಿ ಕೇಳಿದೆ. ನಗುವಂತೆ ಶುರುವಾಗಿ ಹೊಟ್ಟೆಗೆ ಇಳಿಯುವ ಪದ ಅದು. ಕೊನೆಗೆ ಅದೇ, ಮುರಗೋಡ ಸಂಗಪ್ಪ ಮಾಡ್ಯಾನ ಕವಿ. ಸತ್ತು ಐದು ವರ್ಷವಾದವನು ಹೊಳೆಯ ನೀರಿನಲ್ಲಿ ನಿಂತು ಕವಿ ಮಾಡಿದ್ದ.

ಸಂಗಪ್ಪನ ಮಗ ಗೌರೀಶ ಹಾಡುವವನಲ್ಲ. ಮುರಗೋಡದ ಕಡೆ ಒಂದು ಶಿಕ್ಷಣ ಸಂಸ್ಥೆ ನಡೆಸುತ್ತಾನೆ. ತಂದೆಯ ಮೇಳವನ್ನೂ ತನ್ನ ಹೆಸರಿಗೆ ನೋಂದಣಿ ಮಾಡಿಸಿಕೊಂಡಿದ್ದ. ಅವನ ಶಾಲೆಗಳ ಪ್ರಶ್ನೆಪತ್ರಿಕೆ, ಪ್ರಗತಿಪತ್ರ, ರಸೀದಿ ಪುಸ್ತಕ ಎಲ್ಲ ನನ್ನ ಪ್ರೆಸ್ಸಿಗೆ ಬರುತ್ತವೆ. ಅವನು ತಂದೆಯ ನೆನಪಿಗೆ ಪುಸ್ತಕ ತರಬೇಕೆಂದು ಹೊರಟ. ಪದಗಳಿದ್ದದ್ದು ಬಾಯವ್ವನ ತಲೆಯಲ್ಲಿ. ಕರೆಸಿಕೊಂಡ. ರಜೆಯಲ್ಲಿ ಖಾಲಿಯಿದ್ದ ಒಂದು ತರಗತಿಯಲ್ಲಿ ಹನ್ನೊಂದು ದಿನ ಆಕೆ ಮೊಬೈಲಿನ ಎದುರು ಕೂತು ಹಾಡಿದಳು. ಒಬ್ಬ ಮಾಸ್ತರ ಬರೆದುಕೊಂಡ. ಒಂದು ಪದವನ್ನೂ ಬಚ್ಚಿಟ್ಟುಕೊಳ್ಳಲಿಲ್ಲ.

ಮುಗಿಸಿದ ದಿನ ಸೀದಾ ನನ್ನಲ್ಲಿಗೆ ಬಂದಳು. ಆಕೆಯ ಮುಖದಲ್ಲಿ ಅಷ್ಟು ಸಂತೋಷ ನಾನು ಹಿಂದೆ ಕಂಡಿರಲಿಲ್ಲ. ಗುರು ಇಲ್ಲದಿದ್ದರೆ ಗುರುವಿನ ಮಗ ಅಂಕಿತ ಕೊಡಬಹುದಂತೆ. ಪುಸ್ತಕ ಬಿಡುಗಡೆಯ ದಿನ ವೇದಿಕೆಯ ಮೇಲೆ ಕೊಡುತ್ತೇನೆ ಎಂದು ಗೌರೀಶ ಮಾತು ಕೊಟ್ಟಿದ್ದಾನಂತೆ. ಮನೆಯಲ್ಲಿ ಒಬ್ಬಳೇ ಇದ್ದಾಗ ಅಂಕಿತದಲ್ಲಿ ತನ್ನ ಹೆಸರು ಹಾಕಿ ಹಾಡಿ ನೋಡಿದ್ದಳಂತೆ.

“ಅಳತಿ ಬರೋಬರಿ ಕೂಡತೈತ್ರಿ. ಸಂಗಪ್ಪ ಅನ್ನಾಕ ಎಷ್ಟ ಹೊತ್ತೋ, ನನ್ನ ಹೆಸರಿಗೂ ಅಷ್ಟ. ಒಂದ ಅಕ್ಷರ ಹೊಂದಸೂದ ಬೇಕಾಗಿಲ್ಲ” ಎಂದಳು. ಆಮೇಲೆ, ಅಚ್ಚಿನಲ್ಲಿ ನನ್ನ ಹೆಸರು ಹೇಗೆ ಕಾಣುತ್ತದೆ ತೋರಿಸ್ರಿ ಎಂದು ಕೇಳಿದಳು. ಕಂಪ್ಯೂಟರಿನಲ್ಲಿ ಇರುವಷ್ಟರಲ್ಲಿ ದೊಡ್ಡ ಅಕ್ಷರ ಆರಿಸಿ ಬರೆದು ತೋರಿಸಿದೆ. ಸೆರಗಿನಿಂದ ಕೈ ಒರೆಸಿಕೊಂಡು, ಮುಟ್ಟದೆ, ಹತ್ತಿರ ಬಂದು ಬಹಳ ಹೊತ್ತು ನೋಡಿದಳು. ಆಕೆ ಹೋದ ಮೇಲೆ ಉಳಿಸಬೇಕೇ ಎಂದು ಕಂಪ್ಯೂಟರು ಕೇಳಿತು. ಬೇಡ ಎಂದು ಒತ್ತಿದೆ. ಬೇರೆ ಕೆಲಸ ಕಾದಿತ್ತು.

ಪುಸ್ತಕದ ಹಸ್ತಪ್ರತಿ ಬಂತು. ‘ಸಂಗಪ್ಪನವರ ನೂರೊಂದು ಪದಗಳು’. ಸಂಗಪ್ಪನ ನಿಜವಾದ ನಲವತ್ತು ಯಾವುವು, ಉಳಿದವು ಯಾರವು ಎಂದು ನನಗೆ ಗೊತ್ತಿತ್ತು. ಎಂಬತ್ತೆಂಟನೆಯದು ಹೊಳೆಯ ಪದ. ನಾನೇ ಅಕ್ಷರ ಜೋಡಿಸಿದೆ, ಇಸವಿಯ ನುಡಿಯೂ ಇತ್ತು. ಕರಡು ತಿದ್ದಲು ಗೌರೀಶ ಖುದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ. ಚಹಾ ತರಿಸಿದ. ಎಂಬತ್ತೆಂಟಕ್ಕೆ ಬಂದಾಗ ಬೆರಳಿಟ್ಟು ಹೇಳಿದ:

“ಈ ಮೊದಲನೇ ನುಡಿ ತಗದಬಿಡ್ರಿ. ಇಸವಿ ಇದ್ರ ಪದ ಹಳೇದ ಅನಸತೈತಿ.”

ಅದಲ್ಲ ಕಾರಣ ಎಂದು ಅವನಿಗೂ ಗೊತ್ತು, ನನಗೂ ಗೊತ್ತು. ಸಂಗಪ್ಪನ ಫೋಟೋದ ಕೆಳಗೆ ಸತ್ತ ತಾರೀಖನ್ನು ಅದೇ ಪುಸ್ತಕದ ಮೊದಲ ಪುಟದಲ್ಲಿ ನಾನೇ ಹಾಕಿದ್ದೆ. ಒಂದು ಮಾತು ಆಡಬಹುದಿತ್ತು. ಟೇಬಲ್ಲಿನ ಮೇಲೆ ಅವನ ಶಾಲೆಗಳ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ಕಟ್ಟು ಇತ್ತು. ನಾನು ಆ ಎರಡು ಸಾಲು ಆರಿಸಿ ಅಳಿಸಿದೆ. ಕಣ್ಣು ರೆಪ್ಪೆ ಬಡಿಯುವಷ್ಟೂ ಹೊತ್ತು ಹಿಡಿಯಲಿಲ್ಲ. ಕೆಳಗಿನ ನುಡಿಗಳು ತಾವೇ ಮೇಲೆ ಸರಿದು ಕೂತವು.

ಬಿಡುಗಡೆ ಸವದತ್ತಿಯ ಒಂದು ಮಂಗಲ ಕಾರ್ಯಾಲಯದಲ್ಲಿ, ಬೆಳಿಗ್ಗೆ ಹನ್ನೊಂದಕ್ಕೆ. ನಾನು ಪುಸ್ತಕದ ಕಟ್ಟುಗಳ ಜೊತೆ ಹೋಗಿದ್ದೆ. ಬಾಯವ್ವ ಇಳಕಲ್ಲ ಸೀರೆ ಉಟ್ಟು, ಚೀಲದಲ್ಲಿ ಒಂದು ತೆಂಗಿನಕಾಯಿ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದಳು. ಅಂಕಿತಕ್ಕೆ ಕಾಯಿ ಶಿಷ್ಯರೇ ತರಬೇಕು. ಭಾಷಣಗಳು ನಡೆದವು. ಜನಪದ ಎಂಬ ಶಬ್ದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಆಮೇಲೆ ಬಾಯವ್ವನನ್ನು ವೇದಿಕೆಗೆ ಕರೆದರು. ಸಂಗಪ್ಪನವರ ಪದಗಳನ್ನು ನೆನಪಿನಲ್ಲಿ ಕಾಪಾಡಿದ ಕೊನೆಯ ಶಿಷ್ಯೆ ಎಂದು ಹೊಗಳಿದರು. ಗೌರೀಶ ಶಾಲು ಹೊದಿಸಿ, ಅಪ್ಪನದೊಂದು ಪದ ಹಾಡು ಎಂದ. ಆಕೆ ಚೀಲದಿಂದ ಕಾಯಿ ತೆಗೆದು ಮೆಲ್ಲಗೆ ಏನೋ ಕೇಳಿದಳು. ಮೈಕು ಹತ್ತಿರವಿದ್ದುದರಿಂದ ಅವನ ಉತ್ತರ ಎಲ್ಲರಿಗೂ ಕೇಳಿಸಿತು. ಆಮೇಲೆ ನೋಡೋಣ ಎಂದಿದ್ದ. ತಂದೆಯ ಮಾತು ಮಗನ ಬಾಯಲ್ಲಿ ಹಾಗೇ ಉಳಿದಿತ್ತು.

ಅತಿಥಿಗಳಲ್ಲಿ ರಾಮದುರ್ಗದ ಹಣಮಂತಪ್ಪನೂ ಇದ್ದ. ಎಂಬತ್ತರ ಹತ್ತಿರದ ಮುದುಕ. ಮೂವತ್ತೈದು ವರ್ಷ ಎದುರು ನಿಂತು ಹಾಡಿದವನಿಗೆ ಯಾವ ಪದ ಯಾರ ಹೊಟ್ಟೆಯಿಂದ ಬಂದದ್ದು ಎಂದು ಬೇರೆಯವರು ಹೇಳಬೇಕಿಲ್ಲ. ಎರಡು ಮಾತಾಡಿ ಎಂದು ಮೈಕು ಕೊಟ್ಟರೆ ಅವನು ಕೂತಲ್ಲಿಂದಲೇ ದಪ್ಪು ಕೇಳಿ ಇಸಿದುಕೊಂಡ. ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು ಸವಾಲು ಎತ್ತಿದ:

“ನೂರಾ ಒಂದು ಕೂಸು ತೊಟ್ಟಿಲದಾಗ, ಹಡದಾಕಿ ಹೆಸರ ಎಲ್ಲೈತಿ.”

ಸಭೆ ನಕ್ಕಿತು. ಮುದುಕನ ಚೇಷ್ಟೆ ಎಂದುಕೊಂಡರು. ಬಾಯವ್ವ ನಗಲಿಲ್ಲ. ಸವಾಲು ಬಂದರೆ ಜವಾಬು ಕೊಡದೆ ಆಕೆ ಜೀವಮಾನದಲ್ಲಿ ಕೂತವಳಲ್ಲ. ಕಾಯಿಯನ್ನು ಕುರ್ಚಿಯ ಮೇಲಿಟ್ಟು ಎದ್ದು ನಿಂತಳು. ದಪ್ಪು ಹಣಮಂತಪ್ಪನ ಕೈಯಲ್ಲಿತ್ತು, ಚಪ್ಪಾಳೆಯಲ್ಲೇ ತಾಳ ಹಾಕಿಕೊಂಡಳು:

“ಹಡದಾಕಿ ಇಲ್ಲೇ ನಿಂತೇನೋ ತಮ್ಮಾ, ಹೆಸರಿಗಿ ಕಾದು ನರತೇನಿ,
ಮನೋಳಿ ಬಾಯವ್ವ ಮಾಡ್ಯಾಳ ಕವಿ, ತಿಳದವರ ತಿಳಕೊಳ್ಳರಿ.”

ಅಳತೆ ನಿಜಕ್ಕೂ ಬರೋಬರಿ ಕೂಡಿತ್ತು. ಮೂವತ್ತಾರು ವರ್ಷದಲ್ಲಿ ಮೊದಲ ಸಲ ಆ ಹೆಸರು ಪದದಲ್ಲಿ ಬಂತು.  ಸಭೆಯ ನಗು ನಿಂತುಹೋಯಿತು.

ಗೌರೀಶ ಜಾಣ. ಸಿಟ್ಟಾಗಲಿಲ್ಲ. ಅವ್ವನಿಗೆ ವಯಸ್ಸಾಗಿದೆ, ಹಾಡಿ ಹಾಡಿ ತನ್ನದೇ ಎನಿಸಿರಬೇಕು, ತಪ್ಪು ತಿಳಿಯಬೇಡಿ ಎಂದು ಸಭೆಗೆ ಕೈ ಮುಗಿದ. ಪ್ರತಿ ಪದದ ಕೊನೆಗೂ ಅಪ್ಪನ ಹೆಸರೇ ಇದೆ, ಈಕೆಯೇ ಹಾಗೆ ಹಾಡಿ ಬರೆಸಿದ್ದಾಳೆ, ರೆಕಾರ್ಡಿಂಗು ಇದೆ ಎಂದ. ಇವಳದೆಂದು ತೋರಿಸುವ ಒಂದೇ ಒಂದು ಪದವಿದ್ದರೆ ತೋರಿಸಲಿ ಎಂದ.

“ಹೊಳಿ ಪದಾ ತಗೀರಿ” ಎಂದಳು ಬಾಯವ್ವ. “ಮೊದಲನೇ ನುಡಿಯಾಗ ಇಸವಿ ಐತಿ. ಅಜ್ಜಾರ ತೀರಕೊಂಡ ಐದು ವರ್ಷದ ಮ್ಯಾಲಿಂದು.”

ಅಧ್ಯಕ್ಷತೆ ವಹಿಸಿದ್ದ ನಿವೃತ್ತ ಹೆಡ್‌ಮಾಸ್ತರರು ಪುಸ್ತಕ ತೆರೆದು ಎಂಬತ್ತೆಂಟನೆಯ ಪದವನ್ನು ಗಟ್ಟಿಯಾಗಿ ಓದಿದರು. ಇಸವಿ ಬರಲಿಲ್ಲ. ಆಕೆ ಇನ್ನೊಮ್ಮೆ ಓದಿಸಿದಳು. ಆಗಲೂ ಬರಲಿಲ್ಲ. ಅಂಥ ನುಡಿಯನ್ನು ಆಕೆ ಹಾಡಿದ್ದು ನಾನು ಕೇಳಿದ್ದೇನೆ ಎಂದು ಹಣಮಂತಪ್ಪ ಕೂಗಿದ. ಬೇರೆಯವರ ಪದಕ್ಕೆ ತಮ್ಮದೊಂದು ನುಡಿ ಸೇರಿಸಿ ಹಾಡುವುದು ಹಾಡುವವರ ರೂಢಿಯೇ ಅಲ್ಲವೇ, ಹೊಳೆ ಅಪ್ಪನ ಕಾಲದಲ್ಲೂ ಬರುತ್ತಿತ್ತು ಎಂದು ಗೌರೀಶ ನಕ್ಕ. ಮೇಳದ ಬಾಳು ಎಂಬವನು, ಶಟ್ಟೆಪ್ಪನ ನಂತರ ಹತ್ತು ವರ್ಷ ಆಕೆಗೆ ತುಂತುಣಿ ಬಾರಿಸಿದವನು, ತಲೆ ತಗ್ಗಿಸಿ ತಂತಿ ಬಿಗಿ ಮಾಡುತ್ತ ಕೂತ. ಮೇಳ ಗೌರೀಶನದಲ್ಲವೇ.

ಬಾಯವ್ವ ಪುಸ್ತಕವನ್ನು ಇಸಿದುಕೊಂಡು ಆ ಪುಟವನ್ನು ನೋಡಿದಳು. ಓದಲು ಬಾರದವಳು ಏನು ನೋಡಿದಳೋ. ಆಮೇಲೆ ಬಾಗಿಲ ಬಳಿ ಪುಸ್ತಕದ ಕಟ್ಟುಗಳ ಪಕ್ಕ ನಿಂತಿದ್ದ ನನ್ನನ್ನು ಕಂಡಳು. ಮುಖ ಅರಳಿತು.

“ಸುಭಾಸಣ್ಣಾರ, ಅಕ್ಷರ ಕೂಡಿಸಿದವ್ರು ನೀವು. ನೀವರ ಹೇಳ್ರಿ.”

ಇಡೀ ಸಭೆ ಹಿಂದಕ್ಕೆ ತಿರುಗಿತು. ಗೌರೀಶನೂ ನೋಡಿದ, ಅವನ ಮುಖದಲ್ಲಿ ಬೆದರಿಕೆ ಏನೂ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

“ಕೊಟ್ಟಿದ್ದನ್ನ ಕೂಡಿಸೇನ್ರಿ” ಎಂದೆ ನಾನು.

ಸುಳ್ಳಲ್ಲ. ಒಂದೊಂದು ಅಕ್ಷರವೂ ನಿಜ. ನನ್ನ ಜೀವನದಲ್ಲಿ ನಾನು ಆಡಿದ ಅತಿ ಹೇಸಿಗೆ ಮಾತು ಅದೇ. ಬಾಯವ್ವ ಶಾಲನ್ನು ಮಡಿಚಿ ಕುರ್ಚಿಯ ಮೇಲಿಟ್ಟು, ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು, ನನ್ನ ಪಕ್ಕದಿಂದಲೇ ಹಾದು ಹೊರಗೆ ಹೋದಳು.

ಗುರುದ್ರೋಹಿ ಎಂಬ ಹೆಸರು ಆಕೆಗಿಂತ ಮೊದಲು ಊರು ಮುಟ್ಟಿತು. ಅಂಕಿತ ಕೊಡದೆ ಗುರುವಿನ ಪದಕ್ಕೆ ತನ್ನ ಹೆಸರು ಹಾಕಿಕೊಂಡವಳು ಎಂದು ನಾಲ್ಕೂ ತಾಲ್ಲೂಕಿನ ಮೇಳಗಳು ಆಕೆಯನ್ನು ಬಿಟ್ಟವು. ಕರೆಯುವ ಊರುಗಳೂ ನಿಂತವು. ಹಣಮಂತಪ್ಪ ಎರಡು ಕಡೆ ಜಗಳಾಡಿ ನೋಡಿದ. ಮರುವರ್ಷ ಅವನೂ ತೀರಿಕೊಂಡ. ಮೇಳಕ್ಕೆ ಮೀನಾ ಎಂಬ ಹುಡುಗಿ ಬಂದಳು. ದನಿ ಚೆನ್ನಾಗಿದೆ. ಬಾಯವ್ವನ ಪದಗಳನ್ನೇ ಹಾಡುತ್ತಾಳೆ, ಪುಸ್ತಕ ನೋಡಿ ಕಲಿತು. ಯೂಟ್ಯೂಬಿನಲ್ಲಿ ಲಕ್ಷ ಜನ ನೋಡಿದ್ದಾರೆ. ಹೊಳೆಯ ಪದವೂ ಇದೆ, ಎರಡನೆಯ ನುಡಿಯಿಂದ.

ಪುಸ್ತಕಕ್ಕೆ ಒಂದು ಬಹುಮಾನ ಬಂತು. ಎರಡನೆಯ ಮುದ್ರಣವನ್ನೂ ನಾನೇ ಮಾಡಿದೆ.

ಮೂರು ವರ್ಷ ನಾನು ಮನೋಳಿಯ ಹಾದಿ ತುಳಿಯಲಿಲ್ಲ. ಈ ವರ್ಷ ಹೋದೆ. ಹೃದಯಕ್ಕೆ ಸ್ಟೆಂಟು ಹಾಕಿಸಿಕೊಂಡು ಬಂದಿದ್ದೆ. ಸಾವು ಹತ್ತಿರದಿಂದ ಹಾದುಹೋದರೆ ಹೇಡಿಗಳಿಗೂ ನಾಲ್ಕು ದಿನ ಧೈರ್ಯ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತು. ಬಾಯವ್ವ ಅಂಗಳದಲ್ಲಿ ಕೂತು ಗೋವಿನಜೋಳದ ತೆನೆ ಸುಲಿಯುತ್ತಿದ್ದಳು. ಬರ್ರಿ, ಕುಂತ್ಗೊಳ್ರಿ ಎಂದು ಗೋಣಿಚೀಲ ಹಾಸಿದಳು, ನೀರು ಕೊಟ್ಟಳು. ಆರೋಗ್ಯ ವಿಚಾರಿಸಿದಳು. ಬೈದಿದ್ದರೆ ಹಗುರವಾಗುತ್ತಿತ್ತು. ಈಗ ಹಾಡುತ್ತೀರಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು. ಕಟ್ಟುತ್ತೀರಾ ಎಂದೆ. ಬರುತ್ತವೆ, ಕೊನೆಯ ನುಡಿಗೆ ಬಂದಾಗ ನಿಂತುಬಿಡುತ್ತವೆ, ಅಜ್ಜನ ಹೆಸರು ಬಾಯಿಗೆ ಬರುವುದಿಲ್ಲ, ತನ್ನ ಹೆಸರು ಹಾಕಲು ಹೆದರಿಕೆಯಾಗುತ್ತದೆ ಎಂದಳು.

ನಾನು ಎಲ್ಲ ಹೇಳಿದೆ. ಆ ನುಡಿ ಅಳಿಸಿದ್ದು ನನ್ನ ಕೈ ಎಂದೆ. ಆಕೆಯ ಕೈ ತೆನೆಯ ಮೇಲೆ ನಿಲ್ಲಲಿಲ್ಲ.

“ಗೊತ್ತೈತ್ರಿ” ಎಂದಳು. “ಅವತ್ತ ನೀವು ಮಾತಾಡಿದ್ರಲ್ಲ, ಆಗ ತಿಳೀತು.”

ಇದನ್ನೆಲ್ಲ ಬರೆಯುತ್ತೇನೆ, ಅಚ್ಚು ಹಾಕುತ್ತೇನೆ, ಆ ನುಡಿ ಸಮೇತ ಎಂದೆ. ಆಗ ಮಾತ್ರ ಆಕೆ ತೆನೆ ಕೆಳಗಿಟ್ಟಳು.

“ಬರೀರಿ. ಆದ್ರ ನನ್ನ ಹೆಸರ ಹಾಕಬ್ಯಾಡ್ರಿ. ಮಗಳು ಮುರಗೋಡದಾಗ ಬಾಳೇವು ಮಾಡಾಕ ಹತ್ಯಾಳ. ಮೊಮ್ಮಗಳು ಗೌರೀಶಾರ ಸಾಲಿಗೇ ಹೋಗತಾಳ. ನಂದ ಆತು, ಅವರಿಗೆ ಆ ಹೊಲಸ ಹತ್ತೂದ ಬ್ಯಾಡ.”

ಹಾಗಾದರೆ ಯಾವ ಹೆಸರು ಹಾಕಲಿ ಎಂದೆ. ನಿಮಗೆ ತಿಳಿದದ್ದು ಹಾಕಿರಿ ಎಂದು ಮತ್ತೆ ತೆನೆ ಎತ್ತಿಕೊಂಡಳು.

ಇಷ್ಟು ಹೊತ್ತು ನಾನು ಬಾಯವ್ವ ಎಂದು ಬರೆದದ್ದು ಆಕೆಯ ಹೆಸರಲ್ಲ. ಅಳತೆ ಕೂಡಲಿ ಎಂದು ಆರಿಸಿಕೊಂಡದ್ದು. ಊರುಗಳನ್ನೂ ಉಳಿದವರ ಹೆಸರುಗಳನ್ನೂ ಹಿಂದುಮುಂದು ಮಾಡಿದ್ದೇನೆ. ಆಕೆ ಕೇಳಿಕೊಂಡಳು, ಅದಕ್ಕೆ ಹೀಗೆ ಮಾಡಿದೆ ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಆದರೆ ಆಕೆ ಹೆಸರು ಬೇಡ ಎಂದಾಗ ನನ್ನ ಎದೆಯಲ್ಲಿ ಮೊದಲು ಆದದ್ದು ಸಮಾಧಾನ. ಆ ಶಾಲೆಗಳ ಪ್ರಶ್ನೆಪತ್ರಿಕೆಗಳು ಈ ವರ್ಷವೂ ನನ್ನ ಪ್ರೆಸ್ಸಿಗೇ ಬಂದಿವೆ.